ಮೂರನೆಯ ಸಾಲಿನ ಮೌನ

ಈ ತಿಂಗಳ ಮೊದಲ ಭಾನುವಾರ, ಅಭ್ಯಾಸದ ನಡುವೆ, ಕಾಫಿಗೆಂದು ಊರಿನಿಂದ ತಂದಿದ್ದ ಹಾಲಿನ ಕ್ಯಾನಿನ ಮುಚ್ಚಳವನ್ನು ಯಾರೋ ತೆಗೆದರು. ಕಾಯಿಸದ ಎಮ್ಮೆಹಾಲಿನ ವಾಸನೆ ನಿಮಗೂ ಗೊತ್ತಿರಬಹುದು. ಸ್ವಲ್ಪ ಹುಲ್ಲು, ಸ್ವಲ್ಪ ಬೆವರು. ಹಾಡುತ್ತಿದ್ದ ಸಾಲನ್ನು ಅಲ್ಲೇ ಬಿಟ್ಟು ನಿಂತುಬಿಟ್ಟೆ.

ನಾವು ಒಂಬತ್ತು ಹೆಂಗಸರು ಮಂಡ್ಯದಲ್ಲಿ ಶಾರದಕ್ಕನ ಮನೆಯ ಮಹಡಿಯಲ್ಲಿ ಸೇರಿ ಹಳೆಯ ವಚನಗಳನ್ನು ಹಾಡುತ್ತೇವೆ. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ, ಬರೀ ಗಂಟಲು. ಶಾರದಕ್ಕ ನಿವೃತ್ತ ಮೇಡಂ. ಶ್ರುತಿ ತಪ್ಪಿದರೆ ಈಗಲೂ ಬೆಂಚಿನ ಮೇಲೆ ನಿಲ್ಲಿಸುತ್ತಾರೇನೋ ಎಂದು ನನಗೆ ಭಯ. ನೂರ್‌ಜಾನ್ ಟೈಲರು; ನಮ್ಮೆಲ್ಲರ ರವಿಕೆಯ ಅಳತೆಯೂ, ಯಾರ ಉಸಿರು ಎಲ್ಲಿ ಮುಗಿಯುತ್ತದೆ ಎಂಬುದೂ ಅವಳಿಗೆ ಗೊತ್ತು.

ನಮ್ಮ ಹೆಸರು ಅಷ್ಟಿಷ್ಟು ಹರಡಿದ್ದು ಒಂದೇ ಒಂದು ವಚನದಿಂದ. ಅದರ ಮೂರನೆಯ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲಿಸುತ್ತೇವೆ. ಎಂಟು ಎಣಿಸುವಷ್ಟು ಮೌನ. ಆಮೇಲೆ ಮುಂದಿನ ಸಾಲು. ಶರಣರ ಕಾಲದಿಂದ ಉಳಿದು ಬಂದ ಮೌನ ಎಂದು ಕೇಳಿದವರು ಕೈ ಮುಗಿದದ್ದುಂಟು. ಆ ಧಾಟಿ, ಆ ಮೌನ, ಎರಡನ್ನೂ ಗುಂಪಿಗೆ ಕಲಿಸಿದವಳು ನಾನು.

ನಾನು ಕಲಿತದ್ದು ಕೊಪ್ಪದ ನಿಂಗಮ್ಮಜ್ಜಿಯಿಂದ. ಎಂ.ಎ. ಓದುವಾಗ ರಜೆಗೆ ಸೋದರತ್ತೆಯ ಮನೆಗೆ ಹೋಗುತ್ತಿದ್ದೆ. ಅಜ್ಜಿಯದು ಪಕ್ಕದ ಮನೆ. ಸಂಜೆ ಅವಳು ಹಾಡುತ್ತಿದ್ದಳು, ನಾನು ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದೆ. 'ಮೂರನೆಯ ಸಾಲಿನಲ್ಲಿ ನಿಲ್ಲುತ್ತಾಳೆ. ದೀರ್ಘ ಮೌನ. ಅನುಭಾವ?' ಎಂದು ಅದರಲ್ಲಿದೆ. ಆ ವಯಸ್ಸಿನಲ್ಲಿ ನನಗೆ ಎಲ್ಲವೂ ಅನುಭಾವವೇ. ಬಸ್ಸು ತಪ್ಪಿಹೋದದ್ದು ಕೂಡ.

ಹಾಲಿನ ವಾಸನೆ ನೆನಪಿಸಿದ್ದು ಬೇರೆಯದನ್ನು. ಅಜ್ಜಿ ಎಮ್ಮೆ ಕರೆಯುತ್ತಾ ಹಾಡುತ್ತಿದ್ದಳಲ್ಲವೇ? ಎಮ್ಮೆ ಕಾಲೆತ್ತಿದಾಗ ಹಾಡು ನಿಲ್ಲಿಸಿ, ಚೆಂಬು ಹಿಂದಕ್ಕೆಳೆದು, ಅದು ಸುಮ್ಮನಾದ ಮೇಲೆ ಮುಂದುವರಿಸುತ್ತಿದ್ದಳಲ್ಲವೇ? ಹಾಗಾದರೆ ನಾನು ಇವರಿಗೆಲ್ಲ ಕಲಿಸಿದ್ದು ಎಮ್ಮೆಯ ಒದೆತವನ್ನೇ? ಇನ್ನೆರಡು ವಾರಕ್ಕೆ ಬಸರಾಳಿನ ಗುಡಿಯ ಅಂಗಳದಲ್ಲಿ ಅದನ್ನೇ ಹಾಡಬೇಕಿತ್ತು. ತಿಳಿದೂ ತಿಳಿದೂ ಒಂಬತ್ತು ಬಾಯಲ್ಲಿ ಸುಳ್ಳು ಹಾಡಿಸುವ ಧೈರ್ಯ ನನಗಿರಲಿಲ್ಲ. ನೆನಪನ್ನು ನಂಬುವ ಧೈರ್ಯವೂ ಇರಲಿಲ್ಲ. ಒಂದು ವಾಸನೆ ಹುಟ್ಟಿಸಿದ ಎಮ್ಮೆ ಅದು. ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ಮಗಳು ಸಾಕಮ್ಮ ಇದ್ದಾರೆ. ಮಂಗಳವಾರ ಕೊಪ್ಪದ ಬಸ್ಸು ಹತ್ತಿದೆ.

ಸಾಕಮ್ಮ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದರು. ನನ್ನ ಎಮ್ಮೆಯ ಕಥೆ ಕೇಳಿ ನಕ್ಕರು.

"ಅವ್ವ ಎಲ್ಲಿ ಕರೀತಿದ್ಲು? ಅವಳ್ಗೆ ಬೆರಳು ಮಡಚಾಕೇ ಆಯ್ತಿರ್ನಿಲ್ಲ. ಕರೀತಿದ್ದೋಳು ನಾನು ಕಣಮ್ಮ. ಅವ್ವ ಜಗಲಿ ಮ್ಯಾಲೆ ನಿನ್ ಪಕ್ಕದಲ್ಲೇ ಕುಂತು ಆಡೋಳು."

"ಮತ್ತೆ ಅಜ್ಜಿ ನಿಲ್ಲಿಸ್ತಿದ್ದದ್ದು ಯಾಕಕ್ಕ?"

"ಅಲ್ಲಿ ನಾನು ಆಡ್ಬೇಕಿತ್ತು. ಕೊಟ್ಟಿಗೆಯಿಂದ್ಲೇ ಆಡ್ತಿದ್ದೆ. ನಿಂಗೆ ಕೇಳ್ನಿಲ್ವಾ? ಅಷ್ಟೊಂದು ಓದ್ದೋಳು!"

ಕೇಳಿಸಿರಲಿಲ್ಲ. ಅಥವಾ ಕೇಳಿಸಿಯೂ ನಾನು ಬರೆದುಕೊಂಡಿರಲಿಲ್ಲ. ಹಾಲು ಕರೆಯುವವಳ ದನಿ ಆಗ ನನಗೆ ಹಾಡೆಂದೇ ಅನ್ನಿಸಿರಲಿಲ್ಲವೇನೋ. ಈ ಯೋಚನೆ ಒದೆತಕ್ಕಿಂತ ಜೋರಾಗಿ ತಾಗಿತು. ಏನು ಹಾಡುತ್ತಿದ್ದಿರಿ ಎಂದು ಕೇಳಿದೆ.

"ಈಗೆಲ್ಲಿ ಬತ್ತದೆ, ಬುಡು. ಎಮ್ಮೆ ಒದ್ದ ದಿನ ಆಡ್ತಾನೂ ಇರ್ನಿಲ್ಲ."

ಹಾಗಾದರೆ ನಾನು ಬರೆದುಕೊಂಡ ದಿನ ಎಮ್ಮೆ ಒದ್ದಿತ್ತೋ, ಸಾಕಮ್ಮ ಹಾಡಿದ್ದರೋ? ವಾಪಸ್ಸು ಬರುವಾಗ ಬಸ್ಸಿನಲ್ಲಿ ಎರಡೂ ನಿಜವೆನ್ನಿಸಿತು, ಎರಡೂ ನಾನೇ ಕಟ್ಟಿಕೊಂಡದ್ದೆನ್ನಿಸಿತು.

ಮುಂದಿನ ಅಭ್ಯಾಸದಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಶಾರದಕ್ಕ ಕನ್ನಡಕ ತೆಗೆದರು.

"ಎರಡು ವರ್ಷದಿಂದ ಅಲ್ಲಿ ಕಣ್ಣು ಮುಚ್ಕೊಂಡು ನಿಲ್ತಿದ್ದೀನಲ್ಲೇ! ಮೈಯೆಲ್ಲ ಜುಂ ಅನ್ನೋದು ನಂಗೆ."

"ಜುಂ ಅಂದಿದ್ದು ಸುಳ್ಳೇನಲ್ಲ ಬುಡಕ್ಕ," ಎಂದಳು ನೂರ್‌ಜಾನ್.

ತಪ್ಪಿಗೆ ಪರಿಹಾರವಾಗಿ ಆ ಜಾಗಕ್ಕೆ ನಾನೇ ಒಂದು ಸಾಲು ಕಟ್ಟುತ್ತೇನೆ ಎಂದೆ.

"ನೀನು ಸುಮ್ಕಿರವ್ವ, ಕಟ್ಟಿದ್ದು ಸಾಕು," ನೂರ್‌ಜಾನ್ ತಡೆದಳು. "ಅದು ಆಯಮ್ಮನ ಜಾಗ. ಅಂಗೇ ಇರ್ಲಿ. ಸರಣರ ಮೌನ ಅಂತ ಮಾತ್ರ ಇನ್ ಯೋಳ್ಬ್ಯಾಡಿ."

ಬಸರಾಳಿಗೆ ಸಾಕಮ್ಮನನ್ನೂ ಕರೆಸಿದೆವು. ಹಾಡುವ ಮೊದಲು ಶಾರದಕ್ಕ ಜನರಿಗೆ ವಿವರಿಸಿದರು: ಇಲ್ಲೊಂದು ದನಿ ಇತ್ತು, ಬರೆದುಕೊಂಡವಳು ಅದನ್ನು ಬಿಟ್ಟಳು, ಆ ದನಿಯವರು ಇಲ್ಲೇ ಕುಳಿತಿದ್ದಾರೆ. ನಾನು ತಲೆ ತಗ್ಗಿಸಿ ನಿಂತಿದ್ದೆ.

ಮೂರನೆಯ ಸಾಲು ಬಂತು. ನಿಲ್ಲಿಸಿದೆವು. ಈ ಸಲ ಯಾರೂ ಕಣ್ಣು ಮುಚ್ಚಲಿಲ್ಲ. ಒಂಬತ್ತೂ ಜನ ಕಂಬದ ಪಕ್ಕದ ಸಾಕಮ್ಮನನ್ನೇ ನೋಡಿದೆವು. ಎಂಟು ಎಣಿಸಿದೆ. ಅವರು ಹಾಡಲಿಲ್ಲ. ತುಟಿ ಅಲುಗಿದ ಹಾಗಿತ್ತು; ಅಲುಗದೆಯೂ ಇದ್ದಿರಬಹುದು. ಒಂಬತ್ತು, ಹತ್ತು, ಹನ್ನೊಂದು. ಕೊನೆಗೆ ಅವರು ಸೆರಗು ಸರಿಮಾಡಿಕೊಂಡು, ನಮ್ಮತ್ತ ಕೈಯಾಡಿಸಿ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದರು:

"ಆಡಿ ಆಡಿ, ನಂದಾಯ್ತು."

ನಮಗೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಮುಂದಿನ ಸಾಲು ಎತ್ತಿಕೊಂಡೆವು.