ಮಹದೇವಮ್ಮನ ಹಾಜರಿ

ತರಗತಿಗೆ ಬರುವಾಗಲೂ ಮಹದೇವಮ್ಮನ ಸೆರಗಿನಲ್ಲಿ ನೂಲು ಪೋಣಿಸಿದ ಸೂಜಿಯೊಂದು ಸಿಕ್ಕಿಕೊಂಡಿರುತ್ತಿತ್ತು. ಹೆಮ್ಮರಗಾಲದ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದವರು ಎದ್ದು ನೇರವಾಗಿ ನಂಜನಗೂಡಿನ ಬಸ್ಸು ಹತ್ತುತ್ತಿದ್ದರು. ಮದುವೆಗಾಗಿ ಬಿಟ್ಟಿದ್ದ ಬಿ.ಎ. ಕೊನೆಯ ವರ್ಷಕ್ಕೆ, ಮಗಳ ಮದುವೆಯನ್ನೂ ಮುಗಿಸಿದ ಮೇಲೆ ಮರಳಿ ಸೇರಿದ್ದರು. ಸಂಶೋಧನೆಯಿಂದ ನಿವೃತ್ತನಾದ ನಾನು ಆ ಖಾಸಗಿ ಕಾಲೇಜಿನಲ್ಲಿ ಶಾಸನಗಳ ಪಾಠ ಹೇಳುತ್ತಿದ್ದೆ.

ಮೊದಲ ವಾರವೇ ಸಹಪಾಠಿಯೊಬ್ಬ, "ಆಂಟಿ, ನೋಟ್ಸ್ ಕೊಡಿ" ಎಂದ.

"ಆಂಟಿ ಮನೇಲಿ. ಇಲ್ಲಿ ನಿನ್ ಕ್ಲಾಸ್‌ಮೇಟು ಕಣ್ಲಾ. ಮೊದ್ಲು ಪೆನ್ ತಕಂಡ್ ಬರೋದ್ ಕಲ್ತ್ಕೊ."

ತೇದಿಯಿಲ್ಲದ ಶಾಸನದ ಕಾಲವನ್ನು ಹೇಗೆ ನಿರ್ಣಯಿಸಬೇಕೆಂದು ನಾನು ವಿವರಿಸುತ್ತಿದ್ದಾಗ ಅವರು ಕೇಳಿದ್ದರು: "ತೇದಿ ಆಕ್ದೆ ಕಲ್ ನಿಲ್ಸೋರು ಏನೋ ಮುಚ್ಚಿಡಾಕೇ ಅಲ್ವಾ ಸಾ?" ತರಗತಿ ನಕ್ಕಿತು, ನಾನೂ ನಕ್ಕೆ.

ಪ್ರಿನ್ಸಿಪಾಲರಿಗೆ ಮಾತ್ರ ಅವರಲ್ಲಿ ಜಾಹೀರಾತು ಕಂಡಿತು. 'ಮಾದರಿ ವಿದ್ಯಾರ್ಥಿನಿ' ಎಂದು ಹೆಸರಿಟ್ಟು, ಪ್ರವೇಶಾತಿಯ ಪ್ರಚಾರಕ್ಕಾಗಿ ತಿ. ನರಸೀಪುರ, ಬನ್ನೂರು, ಬಿಳಿಗೆರೆಗಳಿಗೆ ಕಾಲೇಜಿನ ವ್ಯಾನಿನಲ್ಲಿ ಕರೆದೊಯ್ದರು. ವೇದಿಕೆಗೆ ಹತ್ತಿಸಿ, ಶಾಲು ಹೊದಿಸಿ, ಫೋಟೊ ತೆಗೆಸಿದರು. "ಪಾಠ ತಪ್ಪೋಯ್ತದೆ ಸಾ" ಎಂದು ಈಕೆ ಅಂದರೆ, "ಇದೂ ಕಾಲೇಜಿನ ಕೆಲಸಾನೇ ಅಲ್ವೇನಮ್ಮಾ" ಎನ್ನುತ್ತಿದ್ದರು.

ಕೊನೆಯ ಪರೀಕ್ಷೆ ಹತ್ತಿರವಾದಾಗ ಅದೇ ಪ್ರಿನ್ಸಿಪಾಲರು, ಹಾಜರಿ ಸಾಲದೆಂದು ಅವರನ್ನು ಪರೀಕ್ಷೆಯಿಂದ ಹೊರಗಿಟ್ಟರು.

ಸಮಾರಂಭಗಳ ಆಹ್ವಾನ ಪತ್ರಿಕೆಗಳನ್ನು ಕೂಡಿಸಿ, ಅವರು ಗೈರಾದ ದಿನಗಳೊಂದಿಗೆ ಎರಡೆರಡು ಸಲ ತಾಳೆ ನೋಡಿದೆ. ಒಂದು ದಿನವೂ ಹೆಚ್ಚುಕಡಿಮೆಯಿರಲಿಲ್ಲ: ಶಾಲು ಹೊದಿಸಿಕೊಂಡ ದಿನಗಳಲ್ಲಲ್ಲದೆ ಆಕೆ ಒಮ್ಮೆಯೂ ತರಗತಿ ತಪ್ಪಿಸಿರಲಿಲ್ಲ. ಪತ್ರಿಕೆಗಳನ್ನು ಪ್ರಿನ್ಸಿಪಾಲರ ಮುಂದೆ ಹರಡಿದೆ. ಅವರು ಕಣ್ಣೆತ್ತಲಿಲ್ಲ.

"ಅದು ಗೌರವ ಸರ್. ಗೌರವ ಬೇರೆ, ಹಾಜರಿ ಬೇರೆ. ಮುಂದಿನ ವರ್ಷ ಬರೀಲಿ ಬಿಡಿ."

ಆ ಮಾತನ್ನು ನಾನಿನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ. ಮುಂದಿನ ವರ್ಷವೆಂಬುದು ಮಹದೇವಮ್ಮನಿಗೆ ಇರಲಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಹಗಲು ನೋಡಿಕೊಳ್ಳಲು ತಂಗಿ ಒಪ್ಪಿದ್ದು ಆ ಒಂದು ವರ್ಷಕ್ಕೆ ಮಾತ್ರ. ಅದು ಪ್ರಿನ್ಸಿಪಾಲರಿಗೆ ಗೊತ್ತಿತ್ತು; ಪ್ರತಿ ವೇದಿಕೆಯಲ್ಲೂ ಗದ್ಗದ ಕಂಠದಿಂದ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದವರೂ ಅವರೇ.

ಮರುದಿನ ಮಹದೇವಮ್ಮ ಶಾಲುಗಳನ್ನೆಲ್ಲ ಮಡಿಸಿ ತಂದು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟರು.

"ಇವ್ನ ನೀವೇ ಮಡಿಕ್ಕಳಿ ಸಾ. ರವಿಕೆ ಒಲಿಯಾಕೂ ಬರಾಕಿಲ್ಲ ಈ ಬಟ್ಟೆ. ನನ್ ಆಜರಿ ಕೊಡಿ."

ಹಾಜರಿ ಸಿಗಲಿಲ್ಲ. ಅವರು ಕಾಲೇಜು ಬಿಟ್ಟು ಹೋದರು. ನಾನೂ ಆ ಕಾಲೇಜಿಗೆ ಮತ್ತೆ ಪಾಠಕ್ಕೆ ಹೋಗಲಿಲ್ಲ. ಶಾಲುಗಳು ಮುಂದಿನ ಸಮಾರಂಭದಲ್ಲಿ ಬೇರೆಯವರ ಹೆಗಲೇರಿದವೆಂದು ಕೇಳಿದೆ.

ಕಾಲೇಜಿನ ಗೇಟಿನ ಮೇಲಿನ ಫಲಕದಲ್ಲಿ ಮಹದೇವಮ್ಮ ಇಂದಿಗೂ ಶಾಲು ಹೊದ್ದು ನಗುತ್ತಿದ್ದಾರೆ. ಕೆಳಗೆ 'ನಮ್ಮ ಹೆಮ್ಮೆಯ ವಿದ್ಯಾರ್ಥಿನಿ' ಎಂದಿದೆ. ಯಾವ ವರ್ಷದ ವಿದ್ಯಾರ್ಥಿನಿಯೆಂದು ನಮೂದಿಸಿಲ್ಲ.

ಕಳೆದ ಬೇಸಿಗೆಯಲ್ಲಿ ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ಸೆರಗಿನಲ್ಲಿ ಅದೇ ಸೂಜಿ. ಅತ್ತೆ ಹಾಗೆಯೇ ಇದ್ದಾರೆ ಎಂದರು. ಬಸ್ಸು ಬಂದಿತು. ಹತ್ತುವ ಮೊದಲು ತಿರುಗಿ ಕೇಳಿದರು:

"ನನ್ ಫೋಟ ಇನ್ನೂ ಐತಾ ಸಾ ಅಲ್ಲಿ?"

"ಇದೆ."

"ಮಳೆ ಬಿಸ್ಲು ಅನ್ದೆ ದಿನಾ ಕಾಲೇಜಲ್ಲೇ ಅದೆ. ಅದ್ಕಾದ್ರೂ ಪರೀಕ್ಷೆ ಬರಿಯಾಕ್ ಬುಡಾಕ್ ಯೋಳಿ."