ಮೊಮ್ಮಗಳ ಕೈಕಟ್ಟು, ನನ್ನ ಕೈ ಜೋಮು

ಇವತ್ತು ನನ್ನ ಮೊಮ್ಮಗಳು ಕಾವ್ಯಾಳ ಕೈಯಿಂದ ಪ್ಲಾಸ್ಟರ್ ತೆಗೆದರು! ಐದೂ ಬೆರಳು ಮಡಚಿ ನನ್ನ ಮೀಸೆ ಹಿಡಿದು ಎಳೆದಳು. ನೋವಿಗೆ ಕಣ್ಣೀರು ಬಂತು ಎಂದು ಎಲ್ಲರಿಗೂ ಹೇಳಿದೆ. ನೀವು ನಂಬಬೇಡಿ.

ನಾನು ಓದಿದ್ದು ಕಡಿಮೆ. ಬಿಳಿಚೋಡಿನಲ್ಲಿ ಕುರಿ ಕಾಯ್ದು ಬಾಳಿದವನು. ದೆವ್ವ, ಶಕುನ ಎಂದವರನ್ನು ಕಂಡರೆ ನಗುತ್ತಿದ್ದೆ. ಈಗ ನಗಲಾರೆ.

ಮಳೆಗಾಲಕ್ಕೆ ಮುಂಚೆ ಕಾವ್ಯಾ ಟ್ರ್ಯಾಕ್ಟರ್ ಮೇಲಿಂದ ಬಿದ್ದು ಬಲ ಮುಂಗೈ ಮುರಿದುಕೊಂಡಳು. ಚರ್ಮ ಹರಿದಿರಲಿಲ್ಲ, ಎಲುಬು ಹೊರಗೆ ಬಂದಿರಲಿಲ್ಲ. ಕುರಿಮರಿಯ ಕಾಲು ಮುರಿದರೆ ನಾವು ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತೇವೆ. ಮನುಷ್ಯರಿಗೂ ಹಾಗೆ ಕಟ್ಟುವವರಿದ್ದಾರೆ, ಅವರಲ್ಲಿಗೇ ಹೋದೆವು. ಮೊಟ್ಟೆಯ ಬಿಳಿ ಹಚ್ಚಿ, ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದರು. ತಾವೇ ಮನೆಗೆ ಬಂದು ನೋಡುವ ತನಕ ಯಾರೂ ಬಿಚ್ಚಬಾರದು ಎಂದರು. ರಾತ್ರಿಯೆಲ್ಲ ಅತ್ತ ಹುಡುಗಿ ಬೆಳಗಾದ ಮೇಲೆ ಸುಮ್ಮನಾದಳು. ಎಲುಬು ಕೂಡುತ್ತಿದೆ ಎಂದು ಎಲ್ಲರಿಗೂ ಸಮಾಧಾನ.

ಮಧ್ಯಾಹ್ನ ಕುರಿ ಮೇಯಿಸುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ಬಲಗೈ ಜೋಮು ಹಿಡಿಯಿತು. ಕೋಲು ಜಾರಿ ಬಿತ್ತು. ಸುಡು ಬಿಸಿಲಲ್ಲಿ ಬೆರಳು ತಣ್ಣಗೆ, ಮುಂಗೈ ಸುತ್ತ ಯಾರೋ ಹಗ್ಗ ಬಿಗಿಯುತ್ತಿರುವ ಹಾಗೆ. ಕುರಿಗಳನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಯಾಕೆ ಓಡಿದೆನೋ ಗೊತ್ತಿಲ್ಲ.

"ಕಟ್ಟು ಬಿಚ್ಚಾಕೆ ಉಣ್ಣೆ ಕತ್ತರಿ ಕೊಡು," ಎಂದೆ.

ಹೆಂಡತಿ ಅಡ್ಡ ನಿಂತಳು. "ತಲೆ ಕೆಟ್ಟೈತೇನ್ರೀ? ಬಿಚ್ಚಿದ್ರೆ ಕೈ ಸೊಟ್ಟ ಆಗತೈತೆ. ಆಮೇಲೆ ಇವಳ್ನ ಯಾರು ಮದುವೆ ಆಗ್ತಾರೆ, ನಿಮ್ ಟಗರಾ?"

ಅಷ್ಟರಲ್ಲಿ ಮಗು ಕಣ್ಣು ಬಿಟ್ಟು, "ತಾತ, ನನ್ ಕೈ ಎಲ್ಲೈತೆ?" ಎಂದಿತು.

ಹೆಂಡತಿಯೇ ಕತ್ತರಿ ತಂದಳು. ಬಟ್ಟೆ ಕತ್ತರಿಸಿದರೆ, ಊದಿದ ಬೆರಳುಗಳು ನೇರಳೆ ಹಣ್ಣಿನ ಬಣ್ಣ! ಕೊನೆಯ ಸುತ್ತು ಕಳಚಿದ ಕ್ಷಣ ನನ್ನ ಕೈಯ ಬಿಗಿತವೂ ಸಡಿಲವಾಗಿ ಬೆರಳಿಗೆ ಬಿಸಿ ಹರಿಯಿತು.

ಮಗ ಜಗಳೂರಿನ ಆಸ್ಪತ್ರೆಗೆ ಗಾಡಿ ಓಡಿಸಿದ. ಅವಳ ಬೆರಳು ಕೆಂಪಾಗುವ ತನಕ ನಾನು ಉಸಿರು ಬಿಟ್ಟಿರಲಿಕ್ಕಿಲ್ಲ. ಎಕ್ಸ್‌ರೇಯಲ್ಲಿ ಒಂದು ಎಲುಬು ಪೂರಾ ಮುರಿದಿತ್ತು, ಇನ್ನೊಂದು ಹಸಿ ಕಡ್ಡಿಯಂತೆ ಬಗ್ಗಿ ಸೀಳಿತ್ತು.

"ಒಳಗೆ ಬಾವು ಏರಿದಾಗ ಬಿಗಿ ಕಟ್ಟು ರಕ್ತ ತಡೀತೈತೆ, ಯಜಮಾನ್ರೇ. ನೋವು ನಿಂತಿದ್ದು ವಾಸಿಯಾಗಿ ಅಲ್ಲ, ಕೈಯಾಗಿನ ಜೀವ ಹೋಗ್ತಾ ಇತ್ತು. ಸಂಜೆ ತನಕ ಬಿಟ್ಟಿದ್ರೆ ಕೈ ಉಳೀತಿರಲಿಲ್ಲ," ಎಂದರು ಡಾಕ್ಟರು.

ಎಲುಬನ್ನು ಎಳೆದು ಕೂರಿಸಿ, ಊತಕ್ಕೆ ಜಾಗವಿರಲೆಂದು ಮೊದಲು ಅರ್ಧ ಪ್ಲಾಸ್ಟರ್, ಬಾವು ಇಳಿದ ಮೇಲೆ ಪೂರ್ತಿ ಹಾಕಿದರು. ನನ್ನ ಕೈಯನ್ನೂ ತೋರಿಸಿದೆ. ಏನೂ ಇಲ್ಲ ಎಂದರು. ಹಾಗಾದರೆ ಅದೇನು? ಇವತ್ತಿಗೂ ನನಗೆ ತಿಳಿಯದು.

ಇವತ್ತು ಸಂಜೆ ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಕಾವ್ಯಾ ಬಲಗೈಯಲ್ಲೇ ಮುದ್ದೆ ಮುರಿದಳು. ಆ ತುತ್ತು ಸಾರಿನಲ್ಲಿ ಅದ್ದಿ ಬಾಯಿಗೆ ಹೋಗುವ ತನಕ ಯಾರೂ ತಟ್ಟೆಗೆ ಕೈ ಹಾಕಲಿಲ್ಲ.

"ಎಲ್ರೂ ನನ್ನೇ ಯಾಕ್ ನೋಡ್ತೀರಿ? ಉಣ್ರಿ!" ಎಂದು ಗದರಿದಳು.

ಉಂಡೆವು.