ಕೇಳಿಸ್ಲಿಲ್ಲ, ಜೋರಾಗಿ ಹೇಳಿ

ಮೇಡಂ ಅವರ ಬಲಗಿವಿ ಕೇಳುತ್ತಿರಲಿಲ್ಲ. ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಕತ್ತು ಹೊರಳಿಸಿ ಎಡಗಿವಿಯನ್ನು ಮುಂದಕ್ಕೆ ತಂದು, ಅದರ ಹಿಂದೆ ಅಂಗೈ ಬಾಗಿಸಿ ಹಿಡಿಯುತ್ತಿದ್ದರು. ಕಣ್ಣು ಮಾತಾಡುವವರ ತುಟಿಯ ಮೇಲೆಯೇ ಇರುತ್ತಿತ್ತು. ಅವರ ಮುಂದೆ ಸುಳ್ಳು ಹೇಳುವುದು ಕಷ್ಟವೇನಲ್ಲ. ಅದೇ ಸುಳ್ಳನ್ನು ಎರಡನೇ ಸಲ, ಜೋರಾಗಿ ಹೇಳುವುದಿದೆಯಲ್ಲ, ಅದು ಕಷ್ಟ.

ಮೇಡಂ ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಉಪನ್ಯಾಸಕಿ. ಐವತ್ತರ ಹತ್ತಿರಕ್ಕೆ ಬಂದಮೇಲೆ ಪಿಎಚ್.ಡಿ.ಗೆ ಸೇರಿಕೊಂಡು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಠಾಣೆಗಳಲ್ಲಿ ಕೂತು ನೋಡುವುದಕ್ಕೆ ಮೇಲಿನವರಿಂದ ಅನುಮತಿ ತಂದಿದ್ದರು. ಪೊಲೀಸರು ಯಾವಾಗ ಕೈ ಎತ್ತುತ್ತಾರೆ, ಎತ್ತಿದ ಕೈ ಯಾವಾಗ ಇಳಿಸುತ್ತಾರೆ ಎಂಬುದು ಅವರ ಸಂಶೋಧನೆಯ ವಿಷಯ. ನಾನಾಗ ಆ ಠಾಣೆಗಳಲ್ಲೊಂದರಲ್ಲಿ ದಫೇದಾರ್, ಅಂದರೆ ಹೆಡ್ ಕಾನ್‌ಸ್ಟೆಬಲ್. ಯಾವ ಠಾಣೆ ಎಂದು ಮಾತ್ರ ಕೇಳಬೇಡಿ, ನಾನು ಹೇಳುವವನಲ್ಲ.

“ಒಡೆಯೋದ್ರ ಮ್ಯಾಲೆ ಡಾಕ್ಟ್ರೇಟಾ? ಅಂಗಾದ್ರೆ ನಮ್ಗೆಲ್ಲಾ ಯಾವತ್ತೋ ಕೊಡ್ಬೇಕಿತ್ತು ಬುಡಿ,” ಎಂದು ಮೊದಲ ದಿನವೇ ತಮಾಷೆ ಮಾಡಿದೆ. ಠಾಣೆಯೆಲ್ಲ ನಕ್ಕಿತು. ಮೇಡಂ ನಗಲಿಲ್ಲ. ಎಡಗಿವಿ ಮುಂದೆ ತಂದು, “ಏನಂದ್ರಿ ದಫೇದಾರ್ರೇ? ಕೇಳಿಸ್ಲಿಲ್ಲ, ಜೋರಾಗಿ ಹೇಳಿ,” ಎಂದರು. ಎರಡನೇ ಸಲ ಹೇಳುವಷ್ಟರಲ್ಲಿ ಅದರಲ್ಲಿ ನಗುವಂಥದ್ದೇನೂ ಉಳಿದಿರಲಿಲ್ಲ.

ಎಸ್ಸೈ ಸಾಹೇಬರು ಕುರ್ಚಿ ಹಾಕಿಸಿದರೂ ಮೇಡಂ ಅದರಲ್ಲಿ ಕೂರುತ್ತಿರಲಿಲ್ಲ. ದೂರು ಕೊಡಲು ಬಂದವರು ಕಾಯುವ ಬಾಗಿಲ ಪಕ್ಕದ ಬೆಂಚೇ ಅವರ ಜಾಗ. ಮಧ್ಯಾಹ್ನಕ್ಕೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬುತ್ತಿ. ನಮಗೂ ಮುರಿದು ಕೊಡುತ್ತಿದ್ದರು, ನಮ್ಮ ಟೀ ಮಾತ್ರ ಮುಟ್ಟುತ್ತಿರಲಿಲ್ಲ. “ನಿಮ್ಮ ಟೀ ಕುಡಿದ್ರೆ ನಿಮ್ಮ ಬಗ್ಗೆ ಬರೆಯೋಕೆ ನಂಗೆ ಕೈ ಬರಲ್ಲ ಕಣ್ರೀ,” ಎನ್ನುತ್ತಿದ್ದರು. ರೊಟ್ಟಿ ತಿಂದ ನಾವು ಏನು ಮಾಡಬೇಕಿತ್ತೋ, ಅದನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಮ್ಮ ಕಡೆ ಒಂದು ಮಾತಿದೆ, ‘ವಿಚಾರಿಸ್ಕೊಳ್ಳೋದು’. ಬೀಗರ ಮನೆಯಲ್ಲಿ ಚೆನ್ನಾಗಿ ವಿಚಾರಿಸ್ಕೊಂಡ್ರು ಅಂದರೆ ಬಾಡೂಟ ಹಾಕಿದರು ಎಂದರ್ಥ. ಠಾಣೆಯಲ್ಲಿ ಚೆನ್ನಾಗಿ ವಿಚಾರಿಸ್ಕೊಂಡ್ರು ಅಂದರೆ ಅಂಗಾಲಿಗೆ ಲಾಠಿ ಬಿತ್ತು ಎಂದರ್ಥ. ಹೇಳುವವರಿಗೂ ಕೇಳುವವರಿಗೂ ಗೊತ್ತು. ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಠಾಣೆಯಲ್ಲಿ ಕ್ಯಾಮೆರಾ ಬಂದಮೇಲೆ ಕ್ಯಾಮೆರಾಕ್ಕೆ ಕಾಣದ ಮೂಲೆ ಯಾವುದು ಅಂತಲೂ ನಮಗೆ ಗೊತ್ತಾಗಿತ್ತು. ಹಾಗಾಗಿ ನಮಗೆ ಯಾವ ಅಡಚಣೆಯೂ ಇರಲಿಲ್ಲ, ಮೇಡಂ ಕಿವಿಯೊಂದನ್ನು ಬಿಟ್ಟು.

“ಕಳ್ಳ ಅಂತ ಅನುಮಾನ ಬಂದೋನನ್ನ ಕರ್ಕೊಂಡ್ ಬಂದು ಏನ್ಮಾಡ್ತೀರಿ?” ಎಂದು ಒಂದು ದಿನ ನನ್ನನ್ನು ಕೇಳಿದರು.

“ವಿಚಾರಿಸ್ಕೋತೀವಿ ಮೇಡಂ.”

“ಏನ್ಮಾಡ್ತೀರಿ?”

“ವಿಚಾರಿಸ್ಕೋತೀವಿ!”

“ಹಂಗಂದ್ರೆ?”

“ಅದೇಯಾ, ಬುದ್ಧಿ ಯೋಳ್ತೀವಿ.”

“ಕೇಳಿಸ್ಲಿಲ್ಲ ದಫೇದಾರ್ರೇ. ಏನ್ಮಾಡ್ತೀರಿ?”

“ಒಡೀತೀವಿ ಮೇಡಂ, ಒಡೀತೀವಿ!”

ನನ್ನ ಗಂಟಲು ರಸ್ತೆಯವರೆಗೂ ಕೇಳಿಸಿರಬೇಕು. ಕೋಳಿ ಕಳೆದುಹೋದ ದೂರು ಹಿಡಿದು ಬಂದಿದ್ದ ಅಜ್ಜಿಯೊಬ್ಬಳು, “ನಂಗೆ ಕೋಳಿನೇ ಬ್ಯಾಡ ಕಣಪ್ಪ,” ಎಂದು ಎದ್ದು ನಡೆದೇಬಿಟ್ಟಳು. ಮೇಡಂ ಆಗ ನಕ್ಕರು. ಸಂಜೆ ಬಸ್ಸಿಗೆ ಕಾಯುವಾಗ ತಾವಾಗಿಯೇ ಹೇಳಿದರು: “ನಮ್ಮಪ್ಪನೂ ನಾಗಮಂಗಲದ ಕಡೆ ದಫೇದಾರ್ ಆಗಿದ್ರು. ಮಗ್ಗಿ ತಪ್ಪು ಹೇಳ್ದೆ ಅಂತ ಒಂದ್ಸಲ ವಿಚಾರಿಸ್ಕೊಂಡ್ರು. ಅವತ್ತಿಂದ ಈ ಕಿವಿ ಇಲ್ಲ. ಒಳ್ಳೆ ಮನುಷ್ಯ ಕಣ್ರೀ ನಮ್ಮಪ್ಪ. ಅದೇ ನಂಗೆ ಕಷ್ಟ.” ನಾನು ಬಸ್ಸು ಬರುವ ದಿಕ್ಕನ್ನೇ ನೋಡುತ್ತ ನಿಂತೆ.

ಅದಾಗಿ ಸ್ವಲ್ಪ ದಿನಕ್ಕೆ ಬೈಕು ಕಳವಿನ ದೂರು ಬಂತು. ದೂರುದಾರರು ಊರಲ್ಲಿ ನಾಲ್ಕು ಜನ ಬಲ್ಲ ಯಜಮಾನರೊಬ್ಬರು. ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದ ಬೈಕು ಮಾಯ ಎಂದರು. ಮೆಕ್ಯಾನಿಕ್ ಒಬ್ಬ ಬೆಳಿಗ್ಗೆ ಅದರ ಮೇಲೆ ಕೈಯಾಡಿಸಿದ್ದ, ಕೀ ಇಲ್ಲದೆ ಗಾಡಿ ಶುರು ಮಾಡುವುದೂ ಅವನಿಗೆ ಗೊತ್ತು. ನಮಗೆ ಅಷ್ಟು ಸಾಕಾಗಿತ್ತು. ಅವನನ್ನು ಕರೆತಂದೆವು. ಹೆಂಡತಿ ಹಿಂದೆಯೇ ಓಡಿಬಂದು ಬೆಂಚಿನ ಮೇಲೆ ಮೇಡಂ ಪಕ್ಕದಲ್ಲಿ ಕೂತಳು.

ಎಸ್ಸೈ ಸಾಹೇಬರು ತಲೆ ಎತ್ತದೆ, “ದಫೇದಾರ್ರೇ, ಒಳಗೆ ಕರ್ಕೊಂಡೋಗಿ ಸ್ವಲ್ಪ ವಿಚಾರಿಸ್ಕೊಳಿ,” ಎಂದರು.

ನಾನು ಅವನ ತೋಳು ಹಿಡಿದಿದ್ದೆ. ಹೆಂಡತಿ ಮೇಡಂ ಕಡೆ ತಿರುಗಿ, “ಏನಂದ್ರವ್ವಾ ಸಾಯೇಬ್ರು?” ಎಂದಳು.

“ನಂಗೂ ಕೇಳಿಸ್ಲಿಲ್ಲ ಕಣವ್ವ. ದಫೇದಾರ್ರೇ, ಏನ್ಮಾಡೋಕೆ ಹೇಳಿದ್ರು? ಜೋರಾಗಿ ಹೇಳಿ, ಈಕೆಗೂ ಕೇಳಿಸ್ಲಿ.”

ಇಬ್ಬರೂ ನನ್ನ ತುಟಿಯನ್ನೇ ನೋಡುತ್ತಿದ್ದರು. ಗಂಡನ ತೋಳು ನನ್ನ ಕೈಯಲ್ಲಿರುವಾಗ ಆ ಹೆಣ್ಣುಮಗಳ ಮುಖಕ್ಕೆ ‘ಒಡೆಯೋಕೆ’ ಎಂದು ಹೇಳುವ ಧೈರ್ಯ, ಇಷ್ಟು ವರ್ಷ ಲಾಠಿ ಹಿಡಿದ ನನಗೆ, ಇರಲಿಲ್ಲ. “ಏನಾಯ್ತು ಅಂತ ಕೇಳೋಕೆ ಯೋಳವ್ರೆ,” ಎಂದೆ. ಅಷ್ಟು ಜೋರಾಗಿ ಹೇಳಿದ ಮೇಲೆ ಒಳಗೆ ಹೋಗಿ ಕೇಳದೆ ಬೇರೆ ದಾರಿ ಇರಲಿಲ್ಲ.

“ಏನ್ಲಾ, ಬೈಕು ಮುಟ್ಟಿದ್ಯಾ?”

“ಊಂ ಕಣಣ್ಣೋ. ಬ್ರೇಕು ಸರಿ ಮಾಡ್ಕೊಟ್ಟೆ. ಪಾಂಡವಪುರ್ದಲ್ಲಿ ರೈಲು ಇಡೀಬೇಕು, ಬಿರ್ನೆ ಮಾಡ್ಲಾ ಅಂತಿದ್ರು.”

ರೈಲು? ನಾನು ಹೊರಗೆ ಬಂದು, ಅಲ್ಲೇ ಕಾಯುತ್ತಿದ್ದ ದೂರುದಾರರ ಮುಂದೆ ನಿಂತೆ. “ಮೈಸೂರ್ಗೆ ಎಂಗೋದ್ರಿ ಸ್ವಾಮಿ?”

“ರೈಲಲ್ಲಿ.”

“ಬಂದಿದ್ದು?”

“ಬಸ್ಸಲ್ಲಿ.”

“ಬೈಕು?”

ಅವರು ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸಲು ಹೋದರು. ಆಮೇಲೆ, “ಅಯ್ಯೋ ಶಿವನೇ,” ಎಂದು ಹಣೆ ಚಚ್ಚಿಕೊಂಡರು. ದಿನಾ ಬಸ್ ಸ್ಟ್ಯಾಂಡಿನಲ್ಲೇ ಬೈಕು ನಿಲ್ಲಿಸಿ ರೂಢಿ. ಅವತ್ತೊಂದು ದಿನ ಪಾಂಡವಪುರದ ರೈಲು ನಿಲ್ದಾಣಕ್ಕೆ ಹೋಗಿ, ಊರಾಚೆ ಅಲ್ಲೇ ನಿಲ್ಲಿಸಿ ಹೋಗಿದ್ದರು. ಬೈಕು ಅಲ್ಲಿಯೇ ಧೂಳು ಕುಡಿಯುತ್ತ ನಿಂತಿತ್ತು. ಮೆಕ್ಯಾನಿಕ್ ಹೆಂಡತಿಯ ಜೊತೆ ಎರಡು ಕಾಲ ಮೇಲೆ ಸರಿಯಾಗಿ ನಡೆದುಕೊಂಡು ಮನೆಗೆ ಹೋದ. ಅವನು ಹೋಗುವುದನ್ನು ನೋಡುತ್ತ ನನಗೆ ಸಂತೋಷವಾಯಿತು.

ಮೇಡಂ ಹೊಗಳುತ್ತಾರೆಂದು ಕಾದೆ. ಅವರು ಬುತ್ತಿಯ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ, “ಇವನಿಗಿಂತ ಮುಂಚೆ ಬಂದವರನ್ನ ಹಿಂಗೆ ಯಾರಾದ್ರೂ ಕೇಳಿದ್ರಾ ದಫೇದಾರ್ರೇ?” ಎಂದರು. ಬಹಳ ಮೆತ್ತಗೆ ಕೇಳಿದರು. ನನಗೆ ಮೊದಲನೇ ಸಲಕ್ಕೇ ಕೇಳಿಸಿತು.

ಅವರಿಗೆ ಪದವಿ ಸಿಕ್ಕಿತು. ಅದನ್ನು ಹೆಸರಿನ ಹಿಂದೆ ಹಾಕಿಕೊಂಡು ಓಡಾಡಿದ್ದು ಸ್ವಲ್ಪ ಕಾಲ ಅಷ್ಟೇ, ಕಾಯಿಲೆ ಬಂದು ಹೋದ ವರ್ಷ ತೀರಿಕೊಂಡರು. ನಾಗಮಂಗಲದ ಕಡೆ ಅವರ ಊರಿಗೆ ಹೋಗಿ ಮಣ್ಣು ಹಾಕಿ ಬಂದೆ. ಅವರ ಮುಖವನ್ನು ನೇರವಾಗಿ, ಎರಡು ಕಿವಿಯೂ ಒಂದೇ ಸಮನಾಗಿ ಕಾಣುವಂತೆ ನೋಡಿದ್ದು ಅದೇ ಮೊದಲು. ಗಂಡಸು ಅನ್ನುವುದನ್ನು ಮರೆತು ಅತ್ತೆ.

ಈಗ ನಾನು ಎ.ಎಸ್.ಐ., ಠಾಣೆಯೂ ಬೇರೆ. ಎಸ್ಸೈ ಹೊಸಬರು, ಹುಡುಗ, ಒಳ್ಳೆಯವರು. ಮೊನ್ನೆ ಯಾರೋ ಒಬ್ಬನನ್ನು ಕರೆತಂದಾಗ ನನ್ನ ಹತ್ತಿರ ಬಾಗಿ ಮೆಲ್ಲಗೆ, “ಇವನನ್ನ ಸ್ವಲ್ಪ ವಿಚಾರಿಸ್ಕೊಳಿ,” ಎಂದರು. ನಾನು ಕತ್ತು ಹೊರಳಿಸಿ ಎಡಗಿವಿ ಮುಂದೆ ತಂದೆ. ಅಂಗೈ ಅದರ ಹಿಂದಕ್ಕೆ ತಾನಾಗಿಯೇ ಹೋಯಿತು.

“ಏನಂದ್ರಿ ಸಾರ್? ಕೇಳಿಸ್ಲಿಲ್ಲ, ಜೋರಾಗಿ ಯೋಳಿ.”

ಅವರು ನನ್ನನ್ನು ನೋಡಿದರು, ಬೆಂಚಿನ ಮೇಲೆ ಕೂತವರನ್ನು ನೋಡಿದರು. “ಏನಿಲ್ಲ,” ಎಂದರು, “ಏನಾಯ್ತು ಅಂತ ಕೇಳಿ.”

ನನ್ನ ಎರಡು ಕಿವಿಯೂ ನೆಟ್ಟಗಿವೆ.